ಅಡಿಗೊಬ್ಬರದ ನಾತ

ಅಡುಗೆಯವನಿಗೆ ಕಣ್ಣು ಮಂಜಾದರೆ ಕನ್ನಡಕ ಉಂಟು, ಕೈ ಸೋತರೆ ಜೊತೆಗೊಬ್ಬ ಸಹಾಯಕ ಸಿಗುತ್ತಾನೆ. ಮೂಗೇ ಹೋದರೆ ಏನು ಮಾಡುವುದು? ಇದನ್ನು ಯಾರನ್ನು ಕೇಳಬೇಕೆಂದು ತಿಳಿಯದೆ ಕರುಣಾಕರ ಐತಾಳ ಫೆಬ್ರವರಿಯಿಂದ ಬಾಯಿ ಮುಚ್ಚಿಕೊಂಡಿದ್ದ.

ಲಂಡನ್ನಿನ ಹೌನ್ಸ್ಲೋದಲ್ಲಿ ಅಶ್ವತ್ಥನಾರಾಯಣ ಹೊಳ್ಳರ ಹೋಟೆಲು ಎಂದರೆ ನಮ್ಮವರಿಗೆಲ್ಲ ಗೊತ್ತು. ಕರುಣಾಕರ ಅಲ್ಲಿಯ ಮುಖ್ಯ ಅಡುಗೆಯವ. 2014ರ ಚಳಿಗಾಲ ಮುಗಿಯುವ ಹೊತ್ತಿಗೆ ಅವನಿಗೊಂದು ಜ್ವರ ಬಂತು. ಬಂದ ಜ್ವರ ಸುಮ್ಮನೆ ಹೋಗಬೇಕೋ ಬೇಡವೋ, ಹೋಗುವಾಗ ಅವನ ವಾಸನೆಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಮೊದಲು ನೆಗಡಿ ಎಂದುಕೊಂಡ. ನೆಗಡಿ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಇಂಗಿನ ಡಬ್ಬಿ ತೆರೆದು ಮೂಗಿನ ಬುಡಕ್ಕೇ ಹಿಡಿದ. ಹೊಳ್ಳರ ಹೋಟೆಲಿನ ಇಂಗು ಎಂದರೆ ಮಲಗಿದವರು ಎದ್ದು ಕೂರಬೇಕು. ಡಬ್ಬಿಯೊಳಗೆ ಮರಳು ತುಂಬಿಟ್ಟ ಹಾಗಿತ್ತು. ಕರುಣಾಕರ ಮುಚ್ಚಳ ಹಾಕಿ, ಅಲ್ಲೇ ಅಕ್ಕಿ ಮೂಟೆಯ ಮೇಲೆ ಕುಳಿತುಬಿಟ್ಟ.

ಬೇರೆ ಅಡುಗೆಯವನಾಗಿದ್ದರೆ ಹೇಗೋ ಸುಧಾರಿಸಿಕೊಳ್ಳುತ್ತಿದ್ದ. ಸೌಟಿನಿಂದ ಒಂದು ಹನಿ ಅಂಗೈಗೆ ಬಿಟ್ಟು ನೆಕ್ಕಿದರೆ ಉಪ್ಪು, ಹುಳಿ ತಿಳಿಯುತ್ತದೆ. ನಾಲಿಗೆ ಇನ್ನೂ ಅಷ್ಟು ಹೇಳುತ್ತಿತ್ತು. ಆದರೆ ಇವನು ಹದಿಮೂರನೇ ವಯಸ್ಸಿಗೆ ಕುಂದಾಪುರದ ಕಡೆಯ ದೇವಸ್ಥಾನವೊಂದರ ಅಡುಗೆಮನೆಗೆ ಸೇರಿದವನು. ದೇವರ ನೈವೇದ್ಯ ಆಗುವ ಮೊದಲು ಅಡುಗೆಯ ರುಚಿ ನೋಡುವ ಹಾಗಿಲ್ಲ, ನೋಡಿದರೆ ಎಂಜಲು. ಹಾಗಾದರೆ ಉಪ್ಪು ಸರಿಯಾಯಿತೆಂದು ತಿಳಿಯುವುದು ಹೇಗೆ? ಹಬೆಗೆ ಮುಖ ಕೊಟ್ಟು ತಿಳಿಯಬೇಕು. ಅಲ್ಲಿಯ ಹಿರಿಯ ಅಡುಗೆಯವರು ಶ್ರೀರಂಗ ಭಟ್ಟರು, ಹುಡುಗ ಒಮ್ಮೆ ಬೆರಳು ನೆಕ್ಕಿದ್ದಕ್ಕೆ ಬಿಸಿ ಸೌಟಿನಿಂದಲೇ ಕೈಗೆ ಕೊಟ್ಟಿದ್ದರು. ಆಮೇಲೆ ಅವನ ಕೈ ಬಾಯಿಯ ಹತ್ತಿರ ಸುಳಿಯಲಿಲ್ಲ. ಹೋಟೆಲಿನ ಸಾಂಬಾರಿಗೆ ಯಾವ ದೇವರೂ ಕಾದು ಕುಳಿತಿಲ್ಲ ಎಂದು ಅವನಿಗೂ ಗೊತ್ತು. ಆದರೂ ಸೌಟು ಗಲ್ಲದವರೆಗೆ ಬಂದು ನಿಂತುಬಿಡುತ್ತಿತ್ತು. ಈಗ ಮೂಗೂ ಇಲ್ಲ, ನಾಲಿಗೆಯೂ ಇಲ್ಲ. ಕೈಯ ಅಂದಾಜಿನಲ್ಲಿ ಬೇಯಿಸಿ, ಅಡುಗೆಮನೆಯ ಕಿಂಡಿಯಿಂದ ಗಿರಾಕಿಗಳ ಮುಖ ನೋಡಿ ಉಪ್ಪು ಅಳೆಯುತ್ತಿದ್ದ.

ಹೆಂಡತಿ ಸುಗುಣಾಳಿಗೆ ಮಾತ್ರ ಹೇಳಿದ್ದ. ಅವಳೇ ಜಿಪಿ ಎಂಬ ಬೀದಿಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು, ಅವರು ಆಸ್ಪತ್ರೆಗೆ ಕಳಿಸಿದರು. ಅಲ್ಲಿಯ ಮೂಗಿನ ಡಾಕ್ಟರು ಒಳ್ಳೆಯ ಮನುಷ್ಯ, ಆದರೆ ಮೂಗಿಗೆ ತುಪ್ಪ ಸವರುವ ಜಾತಿಯಲ್ಲ. ಕೆಲವರಿಗೆ ವಾಸನೆ ತಿರುಗಿ ಬರುತ್ತದೆ, ಕೆಲವರಿಗೆ ಬರುವುದಿಲ್ಲ ಎಂದರು. ತುಂಬ ಗಾಢವಾದ ವಾಸನೆಗಳನ್ನು ಮೂಸಿ ನೋಡುತ್ತಿರು, ಒಂದು ಎಳೆಯಾದರೂ ಸಿಕ್ಕರೆ ಆಸೆ ಉಂಟು. ಕಣ್ಣು ಮೂಗು ಉರಿಯುವುದು ಬೇರೆ, ವಾಸನೆ ಬೇರೆ, ಉರಿಯನ್ನು ನಂಬಬೇಡ ಎಂದರು.

"ಹೊಳ್ರಿಗೆ ಹೇಳಿಬಿಡಿ, ಹ್ವಾಯ್. ಅವ್ರೇನ್ ಹುಲಿಯಾ, ಕರಡಿಯಾ?" ಎಂದಳು ಸುಗುಣಾ.

"ಹೇಳಿರೆ ಮರ್ದಿನವೇ ಒಲೆ ಮುಂದೆ ಬೇರೆಯವ ಬಂದ್ ನಿಂತ್ಕಂತ" ಎಂದ ಕರುಣಾಕರ. "ಆಮೇಲೆ ನಾವ್ ಎಲ್ಲಿಗೆ ಹೋಪುದ್?"

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅವನ ವೀಸಾ ಬಂದದ್ದು ಹೊಳ್ಳರ ಅಡುಗೆಯವ ಎಂದು. ಒಲೆ ಬಿಟ್ಟರೆ ದೇಶ ಬಿಡಬೇಕು. ಮಗಳು ಪ್ರೇಕ್ಷಾಗೆ ಹದಿಮೂರು. ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ. ಇನ್ನೊಂದು ವರ್ಷ ದಾಟಿದರೆ ಇಲ್ಲೇ ನೆಲೆಸಬಹುದಿತ್ತು. ಆ ವರ್ಷವನ್ನು ಹೇಗಾದರೂ ದಾಟಿಸುವಷ್ಟು ವಾಸನೆ ಅವನಿಗೆ ಬೇಕಾಗಿತ್ತು.

ಕಾಫಿಪುಡಿ ಮೂಸಿದ, ಬೆಳ್ಳುಳ್ಳಿ ಜಜ್ಜಿ ಮೂಸಿದ, ಹುಳಿ ಹಿಡಿದ ದೋಸೆ ಹಿಟ್ಟಿಗೆ ಮುಖವಿಟ್ಟ. ಏನೂ ಇಲ್ಲ. ಒಂದನ್ನು ಮಾತ್ರ ಮೂಸದೆ ಬಾಕಿ ಇಟ್ಟಿದ್ದ. ಅದು ಸಗಣಿ. ಹೌನ್ಸ್ಲೋದಿಂದ ಬಸ್ಸು ಹತ್ತಿದರೆ ಕುದುರೆ ಲಾಯಗಳು ಸಿಗುತ್ತವೆ, ದನ ಕಟ್ಟಿದ ಫಾರ್ಮುಗಳೂ ಸಿಗುತ್ತವೆ. ದನದ ಹಟ್ಟಿಯಲ್ಲೇ ಹುಟ್ಟಿದ ಹಾಗೆ ಬೆಳೆದವನ ಮೂಗಿಗೆ ಬೇರೆ ಯಾವುದು ಸತ್ತರೂ ಅದು ಸಾಯಲಾರದು ಎಂದು ಅವನ ನಂಬಿಕೆ. ಆ ನಂಬಿಕೆಯನ್ನು ಕೊನೆಯ ಬೆಂಕಿಕಡ್ಡಿಯಂತೆ ಗೀರದೆ ಇಟ್ಟುಕೊಂಡಿದ್ದ. ಗೀರಿ ಹತ್ತದೆ ಹೋದರೆ ಆಮೇಲೆ ಕತ್ತಲೆ ಎಂಬ ಹೆದರಿಕೆ.

ಹೀಗಿರುವಾಗ ಕನ್ನಡಿಗರ ಪಿಕ್‌ನಿಕ್ ಬಂತು. ಮೇ ಕೊನೆಯ ಬ್ಯಾಂಕ್ ಹಾಲಿಡೇ ಸೋಮವಾರ, ಹೇರ್‌ಫೀಲ್ಡ್ ಕಡೆಯ ಒಂದು ಹುಲ್ಲುಗಾವಲು. ಆ ಕಡೆ ಲಂಡನ್ ಎಂಬುದು ವಿಳಾಸದಲ್ಲಿ ಮಾತ್ರ. ಬೇಲಿ, ಹೊಲ, ದನ ಎಲ್ಲ ಉಂಟು. ಅಡುಗೆ ಹೊಳ್ಳರ ಹೋಟೆಲಿನದು, ಅಂದರೆ ಕರುಣಾಕರನದು. ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಸೌತೆಕಾಯಿ ಹುಳಿ, ಚಿತ್ರಾನ್ನ, ಒಂದು ದೊಡ್ಡ ಪಾತ್ರೆ ಗೋಧಿಕಡಿ ಪಾಯಸ ಮಾಡಿ ವ್ಯಾನಿಗೆ ಹೇರಿದ್ದ. ಊಟದಲ್ಲಿ ಎಲ್ಲರೂ ಪಾಯಸವನ್ನು ಒಂದೇ ಸಲ ಹಾಕಿಸಿಕೊಂಡರು. ಎರಡನೇ ಸಲ ಸೌಟು ಹಿಡಿದು ಹೋದರೆ ಕೈ ಅಡ್ಡ ಹಿಡಿದು "ಸಾಕು ಸಾಕು, ಹೊಟ್ಟೆ ತುಂಬಿತು" ಎಂದರು. ಕರುಣಾಕರ ಅವರವರ ಮುಖ ನೋಡಿದ. ನಮ್ಮವರ ಮುಖ ಪಿಕ್‌ನಿಕ್ಕಿನ ದಿನ ನಗುತ್ತಲೇ ಇರುತ್ತದೆ, ಅದರಲ್ಲಿ ಉಪ್ಪನ್ನೂ ಅಳೆಯಲಾಗುವುದಿಲ್ಲ, ಏನನ್ನೂ ಅಳೆಯಲಾಗುವುದಿಲ್ಲ.

ಊಟ ಆದ ಮೇಲೆ ನಾತದ ಪಂದ್ಯ. ನಗಬೇಡಿ, ಇದು ನಿಜವಾಗಿ ನಡೆಯುತ್ತಿತ್ತು. ಮೂರ್ನಾಲ್ಕು ವರ್ಷದ ಹಿಂದೆ ಇದೇ ಜಾಗದಲ್ಲಿ ಯಾರೋ ಕುದುರೆ ಲದ್ದಿಯ ವಾಸನೆ ಎಂದು ಮೂಗು ಮುರಿದರಂತೆ. ಇದೂ ಒಂದು ವಾಸನೆಯೇ, ನಮ್ಮೂರಲ್ಲಿ ನಾನು ಮಾಡಿದ ಕೆಲಸ ಕೇಳು ಎಂದು ಇನ್ನೊಬ್ಬರು ಶುರು ಮಾಡಿದರು. ಅಂದಿನಿಂದ ಅದು ಪಂದ್ಯವೇ ಆಯಿತು. ಊರಲ್ಲಿ ಮಾಡಿದ ಬೇಸಾಯದ ಕೆಲಸಗಳಲ್ಲಿ ಅತ್ಯಂತ ನಾರುವ ಕೆಲಸವನ್ನು ಒಬ್ಬೊಬ್ಬರಾಗಿ ಹೇಳಬೇಕು. ಯಾರ ಮಾತು ಕೇಳಿ ಹೆಚ್ಚು ಜನ ಮೂಗು ಮುಚ್ಚುತ್ತಾರೋ ಅವರು ಗೆದ್ದರು. ಬಹುಮಾನ ಹೊಳ್ಳರ ಕಡೆಯಿಂದ ಒಂದು ಭರಣಿ ಮಿಡಿ ಉಪ್ಪಿನಕಾಯಿ. ಎರಡು ವರ್ಷದಿಂದ ಆ ಭರಣಿ ಕರುಣಾಕರನ ಮನೆಗೇ ಹೋಗುತ್ತಿತ್ತು.

ಮೊದಲು ಎದ್ದವನು ಫ್ಲೇವಿಯನ್. ಗ್ರೀನ್‌ಫರ್ಡಿನ ಗೋದಾಮಿನಲ್ಲಿ ಕೆಲಸ, ಊರು ಕಾರ್ಕಳದ ಹತ್ತಿರ. "ನಮ್ಮಲ್ಲಿ ಹಂದಿಗೂಡು ಉಂಟಲ್ಲ ಮಾರ್ರೆ, ಮಳೆಗಾಲದಲ್ಲಿ ಅದನ್ನು ತೊಳೆಯುವುದು ನನ್ನ ಪಾಲಿಗೆ. ಮರುದಿನ ಇಗರ್ಜಿಯಲ್ಲಿ ನನ್ನ ಬೆಂಚು ಪೂರ್ತಿ ಖಾಲಿ. ಪಾದ್ರಿಗಳು ಪ್ರಸಾದ ಕೊಡುವಾಗ ಕೈ ಉದ್ದ ಮಾಡುತ್ತಿದ್ದರು!" ಒಂದಷ್ಟು ಜನ ನಗುತ್ತ ಮೂಗು ಹಿಡಿದರು.

ಆಮೇಲೆ ಚನ್ನಬಸವ್ವ. ಮಗನ ಮನೆಗೆಂದು ಧಾರವಾಡ ಜಿಲ್ಲೆಯಿಂದ ಬಂದ ಹಿರಿಯ ಹೆಂಗಸು, ಪಂದ್ಯಕ್ಕೆ ಹೊಸಬರು. "ಹಗೇವು ಅಂದ್ರ ಗೊತ್ತೈತೇನ್ರೀ ನಿಮಗ? ನೆಲದಾಗ ತಗ್ಗು ತೋಡಿ ಜೋಳ ತುಂಬಿ ಮುಚ್ಚತೀವಿ. ಅದನ್ನ ತೆಗದ ದಿನ ಯಾರೂ ಬಗ್ಗಿ ನೋಡಂಗಿಲ್ಲ, ಗಾಳಿ ಹೊಡದು ಸತ್ತಾರ ಮಂದಿ. ತಳದ ಜೋಳದ ವಾಸನಿ ಮೂಗಿನ್ಯಾಗ ಹೊಕ್ಕಿತಂದ್ರ ರೊಟ್ಟಿ ಮುರದಾಗೆಲ್ಲ ಅದ ಬರತೈತಿ. ಆದ್ರೂ ಅದನ್ನ ತಿಂದ ದೊಡ್ಡಾವ್ರಾದ್ವಿ." ಜನ ಮೂಗು ಮುಚ್ಚುವುದನ್ನು ಮರೆತು ಕೇಳಿದರು. ಪಂದ್ಯದ ಲೆಕ್ಕದಲ್ಲಿ ಆಯಮ್ಮ ಸೋತರು.

"ಐತಾಳ್ರೇ, ಏಳಿ!" ಎಂದು ಎಲ್ಲರೂ ಕೂಗಿದರು.

ಏಳುವ ಮನಸ್ಸಿರಲಿಲ್ಲ. ಏಳದಿದ್ದರೆ ಯಾಕೆ ಎಂದು ಕೇಳುತ್ತಾರೆ. ಬೇಲಿಗೆ ಬೆನ್ನು ಹಾಕಿ ನಿಂತು, ಸುಗುಣಾಳ ಮುಖ ಒಮ್ಮೆ ನೋಡಿ, ಶುರು ಮಾಡಿದ.

"ನಮ್ಮ ಕಡೆ ಹಟ್ಟಿಗೆ ದಿನವೂ ಸೊಪ್ಪು ಹಾಕುವುದು. ದನ ಅದರ ಮೇಲೇ ಸಗಣಿ ಹಾಕಿ, ಗಂಜಲ ಹೊಯ್ದು, ತುಳಿದು, ಮತ್ತೆ ಸೊಪ್ಪು, ಮತ್ತೆ ಸಗಣಿ. ಹೀಗೆ ತಿಂಗಳುಗಟ್ಟಲೆ. ದನದ ಬೆನ್ನು ಮೇಲಿನ ಮಾಡಿಗೆ ತಾಗುವಷ್ಟು ಹಟ್ಟಿ ಏರುತ್ತದೆ. ಮಳೆಗೆ ಮೊದಲು ಅದನ್ನು ಅಗೆದು ಹೆಡಿಗೆಯಲ್ಲಿ ತುಂಬಿ ಗದ್ದೆಗೆ ಹೊರಬೇಕು. ಮೇಲಿನ ಪದರ ಏನೂ ಅಲ್ಲ, ಅದು ಪರಿಮಳ. ಅಡಿಪದರ ಉಂಟಲ್ಲ, ಅಡಿಗೊಬ್ಬರ, ಕಪ್ಪಗೆ, ಬಿಸಿಯಾಗಿ..."

ಇಲ್ಲಿ ಅವನು ಒಂದು ಕ್ಷಣ ತಡೆದ. ಪ್ರತಿ ವರ್ಷ ಈ ಮಾತಿಗೆ ಬಂದಾಗ ಆ ನಾತ ತಾನಾಗಿ ಮೂಗಿಗೆ ಬರುತ್ತಿತ್ತು, ಅದನ್ನು ನೋಡಿಕೊಂಡೇ ಹೇಳುತ್ತಿದ್ದ. ಈಗ ಹುಡುಕಿದ. ಹೆಡಿಗೆಯ ಭಾರ ಸಿಕ್ಕಿತು. ಕಿವಿಯ ಹಿಂದಿನಿಂದ ಕುತ್ತಿಗೆಗೆ ಇಳಿಯುವ ಕಪ್ಪು ನೀರಿನ ಬಿಸಿ ಸಿಕ್ಕಿತು. ಮಿಂದು ಬರುವ ತನಕ ಜಗಲಿ ಹತ್ತಬೇಡ ಎಂದು ಕೂಗುವ ಅಜ್ಜಿಯ ದನಿ ಸಿಕ್ಕಿತು. ನಾತ ಇರಲಿಲ್ಲ. ಮೂಗಿನಿಂದ ಹೋದದ್ದು ನೆನಪಿನಿಂದಲೂ ಹೋಗಿತ್ತು. ಇಷ್ಟು ಜನರ ನಡುವೆ ನಿಂತು ಅವನಿಗೆ ಅಳು ಬಂತು. ಅದನ್ನು ನುಂಗಿ, ಬರೀ ಶಬ್ದಗಳನ್ನೇ ಒಂದರ ಮೇಲೊಂದು ಪೇರಿಸಿ ಮುಂದೆ ಹೇಳತೊಡಗಿದ.

"ಅವತ್ತು ನನ್ನ ಸೋದರತ್ತೆಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ನನಗೆ ಯಾರೂ ಹೇಳಲಿಲ್ಲ. ಅಡಿಗೊಬ್ಬರ ತುಂಬಿದ ಹೆಡಿಗೆ ತಲೆಯ ಮೇಲೆ ಇಟ್ಟುಕೊಂಡು ಮನೆಯ ಮೂಲೆ ತಿರುಗಿದರೆ, ಅಂಗಳದಲ್ಲಿ ಗಂಡಿನ ಅಪ್ಪ! ರೇಷ್ಮೆ ಶಾಲು, ಕಿವಿಯಲ್ಲಿ ಒಂಟಿ..."

ಮುಂದಿನ ಸಾಲಿನಲ್ಲಿದ್ದ ಫ್ಲೇವಿಯನ್ ಮೂಗು ಮುಚ್ಚಿದ. ಅವನ ಪಕ್ಕದವರು ಮುಚ್ಚಿದರು. ಹೆಂಗಸರು ಸೆರಗು, ದುಪಟ್ಟಾ ಎಳೆದುಕೊಂಡರು. ಒಂದು ಮಗು "ಯಕ್!" ಎಂದು ಕಿರುಚಿತು.

ಕರುಣಾಕರನಿಗೆ ಜೀವ ಬಂದ ಹಾಗಾಯಿತು. ಮೂಗು ಹೋದರೇನು, ಮಾತು ಉಂಟಲ್ಲ! ತಾನೇ ಕಾಣದ ನಾತವನ್ನು ಇಷ್ಟು ಜನರಿಗೆ ಕಾಣಿಸಿದೆನಲ್ಲ! ದನಿ ಏರಿಸಿದ, ಕೈಯನ್ನು ತಲೆಯ ಮೇಲಿಟ್ಟು ಹೆಡಿಗೆ ಹಿಡಿದ. "ಹಿರಿಯರನ್ನು ಕಂಡರೆ ಎಂತ ಮಾಡಬೇಕು? ಬಗ್ಗಿ ನಮಸ್ಕಾರ ಮಾಡಬೇಕು. ಅಜ್ಜಿ ಕಲಿಸಿದ್ದಲ್ಲವಾ? ನಾನು ಬಗ್ಗಿದೆ! ಹೆಡಿಗೆ ಸಮೇತ!"

ಜನ ಎದ್ದರು. ಚಾಪೆ ಎಳೆದರು, ಮಕ್ಕಳನ್ನು ಎತ್ತಿಕೊಂಡರು. ಹೋದ ವರ್ಷವೂ ಯಾರೋ ತಮಾಷೆಗೆ ಎದ್ದು ಓಡಿದ್ದರು. ಇವನು ನಕ್ಕ. "ಓಡಬೇಡಿ, ನಿಲ್ಲಿ! ಗಂಡಿನ ಅಪ್ಪ ಎಂತ ಹೇಳಿದರು ಗೊತ್ತುಂಟಾ? ಪಾದದ ಮೇಲಿನ ಗೊಬ್ಬರ ನೋಡಿದರು, ಮುಖ ಎತ್ತಿದರು, 'ಇಂಥ ಗೊಬ್ಬರ ಇದ್ದ ಮನೆಯಲ್ಲಿ ಅನ್ನಕ್ಕೆ ಬರ ಇಲ್ಲ, ಹೆಣ್ಣು ಒಪ್ಪಿಗೆ' ಅಂದರು!"

ಯಾರೂ ನಗಲಿಲ್ಲ. ಕೇಳಲು ಯಾರೂ ಹತ್ತಿರ ಇರಲಿಲ್ಲ. ಹುಲ್ಲಿನ ಮೇಲೆ ಬಿದ್ದ ಪೇಪರ್ ಪ್ಲೇಟುಗಳ ನಡುವೆ ಅವನೊಬ್ಬ ಇಲ್ಲದ ಹೆಡಿಗೆ ಹಿಡಿದು ನಿಂತಿದ್ದ. ದೂರದಿಂದ ಪ್ರೇಕ್ಷಾ ಓಡಿ ಬಂದಳು, ಜಾಕೆಟ್ಟಿನ ತೋಳನ್ನು ಮೂಗಿಗೆ ಒತ್ತಿಕೊಂಡು.

"ಅಪ್ಪಾ, ಸ್ಟಾಪ್! ಇಟ್ಸ್ ನಾಟ್ ಯುವರ್ ಸ್ಟೋರಿ. ಇಟ್ಸ್ ರಿಯಲ್. ಬಿಹೈಂಡ್ ಯೂ!"

ಅವನು ತಿರುಗಿದ. ಬೇಲಿಯ ಆಚೆ ಹುಲ್ಲು ಕೊಯ್ದ ಹೊಲ. ಅದರಲ್ಲಿ ಒಂದು ಟ್ರ್ಯಾಕ್ಟರು, ಹಿಂದೆ ದೊಡ್ಡ ಟ್ಯಾಂಕು. ಟ್ಯಾಂಕಿನ ಬುಡದಿಂದ ಕಂದು ಬಣ್ಣದ ಸಗಣಿನೀರು ಬೀಸಣಿಗೆಯ ಹಾಗೆ ಹರಡಿ ಬೀಳುತ್ತಿತ್ತು. ಗಾಳಿ ನೇರ ಅವನ ಮುಖಕ್ಕೇ ಬೀಸುತ್ತಿತ್ತು. ತಂಪಾಗಿ, ಶುದ್ಧವಾಗಿ ಬೀಸುತ್ತಿತ್ತು.

"ಕಾಂಟ್ ಯೂ ಸ್ಮೆಲ್ ಇಟ್?" ಎಂದಳು ಮಗಳು. ಅವನ ಮುಖ ನೋಡಿದಳು. ಇನ್ನೊಂದು ಸಲ ಕೇಳಲಿಲ್ಲ.

ಹೊಳ್ಳರು ಕರವಸ್ತ್ರದಿಂದ ಮೂಗು ಮುಚ್ಚಿ ನಿಧಾನ ನಡೆದು ಬಂದರು. ಪ್ರೇಕ್ಷಾಳನ್ನು ಅಮ್ಮನ ಹತ್ತಿರ ಹೋಗು ಎಂದು ಕಳಿಸಿದರು. ಅವರು ಕುಂದಾಪುರದವರೇ, ಸಿಟ್ಟು ಬಂದರೂ ದುಃಖವಾದರೂ ದನಿ ಏರಿಸುವವರಲ್ಲ.

"ಕರುಣಾಕರ, ಪಾಯಸ ಅಡಿ ಹಿಡ್ದಿತ್ತ್. ವ್ಯಾನಿನ ಬಾಗ್ಲ್ ತೆಗ್ದ್ ಕೂಡ್ಲೇ ಸೀದ ವಾಸ್ನೆ. ನೀನ್ ನಗಾಡ್ತಾ ಬಡ್ಸ್ತಾ ಇದ್ದಿ. ಎಂತಾಯ್ತ್ ಇವ್ನಿಗೆ ಅಂದ್ಕಂಡೆ."

ಕರುಣಾಕರ ಇನ್ನೂ ತಲೆಯ ಮೇಲಿದ್ದ ಕೈಯನ್ನು ಕೆಳಗಿಳಿಸಿದ.

"ಹ್ವಾದ ವಾರ ಒಲೆ ಆರಿ ಗ್ಯಾಸ್ ಬತ್ತಾ ಇತ್ತಂಬ್ರ್. ನೀನ್ ಅದ್ರ ಬುಡದಲ್ಲೇ ನಿಂತ್ ಕಾಯಿ ತುರೀತಿದ್ದಿ. ವಾಸು ಪಾತ್ರೆ ತೊಳೂದ್ ಬಿಟ್ ಓಡಿ ಬಂದ್ ಆಫ್ ಮಾಡ್ದ. ನಿಂಗೆ ಮರೆವು ಅಂತ ನಾನ್ ಸುಮ್ನಾದೆ. ಮರೆವು ಅಲ್ಲ, ಅಲ್ದಾ?"

"ಅಲ್ಲ" ಎಂದ ಕರುಣಾಕರ. "ವಾಸ್ನೆ ಬತ್ತಿಲ್ಲೆ ಹೊಳ್ರೇ. ಜ್ವರದ್ ಮೇಲೆ ಎಂತದೂ ಬತ್ತಿಲ್ಲೆ."

ಅಂಗಳ ಕಟ್ಟಿದ ಕೈಯಿಂದಲೇ ಅದನ್ನು ಅಗೆಯಬೇಕಾದವರ ಸಂಕಟ ಹೊಳ್ಳರದು. ಈ ಅಡುಗೆಯವನನ್ನು ಊರಿಂದ ಕರೆಸಲು ಅವರೇ ಓಡಾಡಿದ್ದರು. "ನಂಗೆ ಹೊಟ್ಟೆ ಉರೀತ್ ಮಾರಾಯ. ಆದ್ರೆ ಗ್ಯಾಸ್ ವಾಸ್ನೆ ಗೊತ್ತಾಗ್ದಿದ್ದವ್ನನ್ನ ಒಲೆ ಹತ್ರ ನಿಲ್ಸುಕ್ ಆತಿಲ್ಲೆ. ಅಲ್ಲಿ ಹುಡುಗ್ರ್ ಇರ್ತ್ರ್. ಒಂದ್ ಚೂರಾದ್ರೂ ಬಂದ್ರೆ ಹೇಳ್. ಒಂದೇ ಚೂರ್. ಡಾಕ್ಟ್ರಿಗೆ ತೋರ್ಸಿ, ಹ್ಯಾಂಗಾದ್ರೂ ಮಾಡುವ. ಈಗ್ಳಾದ್ರೂ ಬತ್ತಿತ್ತಾ?"

ಹೌದು ಎಂದು ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು. ವಾಸು ಒದ್ದೆ ಕೈಯಲ್ಲಿ ಓಡಿ ಬಂದದ್ದು ಕಣ್ಣಿಗೆ ಕಟ್ಟಿತು.

"ದೂರ ಇತ್ತಲ್ದಾ, ಅದ್ಕೇ ಇರ್ಕ್" ಎಂದ. "ಹತ್ರ ಹೋಯ್ ಕಾಣ್ತೆ. ನಿಲ್ಲಿ, ಹೊಳ್ರೇ. ಹತ್ರ ಹೋಯ್ ಕಂಡ್ ಬತ್ತೆ."

ಅವರ ಉತ್ತರಕ್ಕೆ ಕಾಯದೆ ಬೇಲಿಯ ಗೇಟಿನ ಕಡೆ ನಡೆದ. ನಡಿಗೆ ಓಟವಾಯಿತು. ಗೇಟು ಹತ್ತಿ ಆಚೆ ಇಳಿದ. ಟ್ರ್ಯಾಕ್ಟರು ಹೊಲದ ಆ ತುದಿಗೆ ಹೋಗಿತ್ತು. ಈ ಕಡೆ ಹೊಸದಾಗಿ ಬಿದ್ದ ಸಗಣಿನೀರು ಬಿಸಿಲಿಗೆ ಹೊಳೆಯುತ್ತಿತ್ತು, ಕೂಳೆಯ ಬುಡದಲ್ಲಿ ಮಡುಗಟ್ಟಿ ನಿಂತಿತ್ತು. ಕರುಣಾಕರ ಅದರಲ್ಲೇ ಮಂಡಿಯೂರಿದ. ಎರಡು ಕೈ ತುಂಬ ಬಾಚಿದ.

ಕೈಗೆ ಗುರುತು ಸಿಕ್ಕಿತು. ಬೆರಳ ಸಂದಿಯಿಂದ ಜಾರುವ ಆ ಲೋಳೆ, ನಡುನಡುವೆ ಕೊಳೆತ ಹುಲ್ಲಿನ ನಾರು, ಎಲ್ಲ ಹಟ್ಟಿಯದೇ. ಕಣ್ಣು ಮುಚ್ಚಿ ಮುಖಕ್ಕೆ ಹಿಡಿದು ಎಳೆದ. ಏನೋ ಚುಚ್ಚಿತು. ಬಂತು, ಬಂತು! ಮತ್ತೆ ಎಳೆದ. ಅದು ಉರಿ. ಗಂಜಲದ ಉರಿ, ಕಣ್ಣಲ್ಲಿ ನೀರು ತರಿಸುವಂಥದು. ಡಾಕ್ಟರು ನಂಬಬೇಡ ಎಂದ ಉರಿ. ಅದರ ಹಿಂದೆ ಏನಾದರೂ ಇದ್ದೀತೇ ಎಂದು ಮೂಗನ್ನೇ ಅದರಲ್ಲಿ ಅದ್ದಿದ. ಕೆಮ್ಮಿದ, ಉಗಿದ, ಮತ್ತೆ ಬಾಚಿದ. ತುಟಿಗೂ ತಾಗಿತು. ಯಾವ ಅಡುಗೆಯನ್ನೂ ಬಾಯಿಗೆ ಮುಟ್ಟಿಸದ ಮನುಷ್ಯ ಅದನ್ನು ಒರೆಸಿಕೊಳ್ಳಲಿಲ್ಲ. "ಬಾ" ಎಂದು ಅಳುತ್ತ ಗೋಗರೆದ. "ಒಂದ್ ಚೂರ್ ಬಾ." ಕಡ್ಡಿ ಗೀರಿ ಆಗಿತ್ತು, ಹತ್ತಲಿಲ್ಲ.

ಹಿಂದೆ ಸುಗುಣಾಳ ದನಿ ಕೇಳಿತು. ಅವಳೂ ಗೇಟು ದಾಟಿದ್ದಳು. ಸೀರೆಯ ನೆರಿಗೆ ಎತ್ತಿ ಹಿಡಿದು, ಸೆರಗನ್ನು ಮೂಗಿಗೆ ಒತ್ತಿಕೊಂಡು, ಕಾಲು ಹೂತುಹೋಗುವ ಜಾಗದಲ್ಲಿ ತಡವರಿಸುತ್ತ ಬಂದಳು. ಗಂಡನ ಮುಖ ನೋಡಿ ನೆರಿಗೆಯನ್ನು ಹಾಗೇ ಬಿಟ್ಟಳು. ಅವನ ಎದುರಿಗೆ ಅದೇ ಕೆಸರಿನಲ್ಲಿ ಕುಳಿತಳು.

"ಸಾಕ್. ಏಳಿ" ಎಂದಳು. ಸೆರಗು ತೆಗೆದು ಅವನ ಮುಖ ಒರೆಸತೊಡಗಿದಳು. ಒರೆಸಲು ಸೆರಗು ಬೇಕಾದ್ದರಿಂದ ಅವಳ ಮೂಗಿಗೆ ಏನೂ ಉಳಿಯಲಿಲ್ಲ. ಪಕ್ಕಕ್ಕೆ ತಿರುಗಿ ಓಕರಿಸಿದಳು. ಮತ್ತೆ ತಿರುಗಿ ಒರೆಸಿದಳು. ಮೂಗಿನ ಹೊಳ್ಳೆಗಳು ಬಿಗಿದುಕೊಂಡವು, ಹುಬ್ಬು ಗಂಟಿಕ್ಕಿತು, ಕಣ್ಣು ತುಂಬಿ ಹರಿಯಿತು, ಮೇಲ್ದುಟಿ ಹಲ್ಲಿನ ಮೇಲಕ್ಕೆ ಸರಿಯಿತು. ಹಟ್ಟಿ ಅಗೆಯುವ ದಿನ ಜಗಲಿಯಲ್ಲಿ ನಿಂತ ಅಜ್ಜಿಯ ಮುಖ ಹೀಗೇ ಇರುತ್ತಿತ್ತು.

ಕರುಣಾಕರ ಅಳು ನಿಲ್ಲಿಸಿ ಅವಳನ್ನೇ ನೋಡಿದ.

"ಹ್ಯಾಂಗಿತ್ತ್?" ಎಂದು ಕೇಳಿದ.

"ಎಂತ ಹ್ಯಾಂಗಿತ್ತ್?"

"ನಾತ."

ಸುಗುಣಾ ಅತ್ತುಬಿಟ್ಟಳು. "ನಮ್ಮ ಹಟ್ಟಿದೇ" ಎಂದಳು. "ಅಡಿಗೊಬ್ಬರದ್ದೇ."

ಬೇಲಿಯ ಆಚೆ ಹೊಳ್ಳರು ಕಾಯುತ್ತ ನಿಂತಿದ್ದರು, ಅವರ ಪಕ್ಕದಲ್ಲಿ ಪ್ರೇಕ್ಷಾ. ಟ್ರ್ಯಾಕ್ಟರು ಆ ತುದಿಯಲ್ಲಿ ತಿರುಗಿ ಇತ್ತ ಬರತೊಡಗಿತು, ಗಾಳಿ ಇನ್ನಷ್ಟು ಹೊತ್ತು ತಂದಿರಬೇಕು. ಸುಗುಣಾ ತಡೆಯಲಾರದೆ ಮೊಣಕೈ ಎತ್ತಿ ಮೂಗಿಗೆ ಅಡ್ಡ ಹಿಡಿದಳು.

ಅವನು ಆ ಕೈಯನ್ನು ಮೆಲ್ಲನೆ ಹಿಡಿದು ಕೆಳಗಿಳಿಸಿದ.

"ಮೂಗ್ ಮುಚ್ಕಂಬೇಡ ಮಾರಾಯ್ತಿ" ಎಂದ. "ಇನ್ನೊಂದ್ ಚೂರ್ ಹೊತ್ತ್ ಹಾಂಗೇ ಇರ್. ನಾನ್ ನಿನ್ನ್ ಮುಖ ಕಾಣ್ತೆ."